ಡಿಸ್ಕ್ ಗಾಲ್ಫ್: ಹೊಸಬರ ಮೊದಲ ಎಸೆತಗಳು

ಡಿಸ್ಕ್ ಗಾಲ್ಫ್ ಎಂಬುದು ಹೆಚ್ಚುಕಡಿಮೆ ಒಂದು ಗೇಣು ಅಗಲದ ಪ್ಲಾಸ್ಟಿಕ್ ಡಿಸ್ಕನ್ನು ಕೈಯಿಂದ ಎಸೆಯುತ್ತ, ದೂರದಲ್ಲಿ ನೆಟ್ಟಿರುವ ಸರಪಣಿ ಬುಟ್ಟಿಗೆ ಆದಷ್ಟು ಕಡಿಮೆ ಎಸೆತಗಳಲ್ಲಿ ಮುಟ್ಟಿಸುವ ಆಟ. ಗಾಲ್ಫಿನ ಲೆಕ್ಕಾಚಾರ ಇದರಲ್ಲಿದೆ. ಗಾಲ್ಫಿನ ಚೆಂಡು, ಕೋಲು, ದುಬಾರಿ ಸದಸ್ಯತ್ವ ಇಲ್ಲ. ಮರಗಳ ನಡುವೆ, ಗುಡ್ಡದ ಇಳಿಜಾರಿನಲ್ಲಿ, ಕೆರೆಯ ಬದಿಯಲ್ಲಿ, ಇರುವ ನೆಲವನ್ನು ಇರುವಂತೆಯೇ ಬಳಸಿಕೊಂಡು ಆಡುತ್ತಾರೆ. ಜಗತ್ತಿನಲ್ಲಿ ಈಗ 15 ಸಾವಿರಕ್ಕೂ ಹೆಚ್ಚು ಡಿಸ್ಕ್ ಗಾಲ್ಫ್ ಕೋರ್ಸ್‌ಗಳಿವೆ. ಅರ್ಧಕ್ಕಿಂತ ಹೆಚ್ಚು ಅಮೆರಿಕದಲ್ಲಿವೆ. ಜನಸಂಖ್ಯೆಯ ಪ್ರಮಾಣದಲ್ಲಿ ನೋಡಿದರೆ ಐಸ್‌ಲೆಂಡ್, ಫಿನ್ಲೆಂಡ್, ಎಸ್ಟೋನಿಯ ಮುಂದಿವೆ. ಬಹುಪಾಲು ಕೋರ್ಸ್‌ಗಳು ಸಾರ್ವಜನಿಕ ಉದ್ಯಾನಗಳಲ್ಲಿದ್ದು, ಅಲ್ಲಿ ಆಡಲು ಹಣ ಕೊಡಬೇಕಿಲ್ಲ.

ಆಟವನ್ನು ಅರ್ಥಮಾಡಿಕೊಳ್ಳಲು ಹತ್ತು ನಿಮಿಷ ಸಾಕು. ಡಿಸ್ಕ್ ಅಂದುಕೊಂಡ ಕಡೆಗೆ ಹೋಗುವಂತಾಗಲು ತಿಂಗಳುಗಳು ಬೇಕು. ಈ ನಡುವಿನ ಕಾಲದಲ್ಲಿ ಅನೇಕರು ಬೇಸತ್ತು ಬಿಟ್ಟುಬಿಡುತ್ತಾರೆ. ಅದಕ್ಕೆ ಮುಖ್ಯ ಕಾರಣ ತೋಳಿನ ಬಲ ಸಾಲದಿರುವುದಲ್ಲ, ಮೊದಲ ದಿನವೇ ಬಹುದೂರ ಎಸೆಯಬೇಕೆಂಬ ಆಸೆ. ಆ ಆಸೆ ತಪ್ಪು ಡಿಸ್ಕನ್ನು ಕೊಳ್ಳುವಂತೆ ಮಾಡುತ್ತದೆ. ತಪ್ಪು ಡಿಸ್ಕು ತಪ್ಪು ಎಸೆತವನ್ನು ಕಲಿಸುತ್ತದೆ.

ಈ ಆಟಕ್ಕೆ ಒಬ್ಬನೇ ಜನಕನೆಂದು ಹೇಳಲಾಗದು. 1926ರಲ್ಲಿಯೇ ಕೆನಡಾದ ಸಸ್ಕಾಚೆವಾನ್ ಪ್ರಾಂತ್ಯದ ಬ್ಲಾಡ್‌ವರ್ತ್ ಎಂಬ ಊರಿನ ಶಾಲಾ ಹುಡುಗರು ಡಬ್ಬದ ತಗಡಿನ ಮುಚ್ಚಳಗಳನ್ನು ಮರಳಿನಲ್ಲಿ ಗೆರೆ ಹಾಕಿದ ವೃತ್ತಗಳೊಳಗೆ ಎಸೆದು ಆಡುತ್ತಿದ್ದರು. ಆ ಆಟ ಅವರೊಂದಿಗೇ ಮುಗಿಯಿತು. ಫ್ರೆಡ್ ಮಾರಿಸನ್ ರೂಪಿಸಿದ ಹಾರುವ ತಟ್ಟೆಯನ್ನು ಕ್ಯಾಲಿಫೋರ್ನಿಯಾದ ವ್ಯಾಮ್-ಓ ಕಂಪನಿ 1957ರಲ್ಲಿ ಮಾರುಕಟ್ಟೆಗೆ ತಂದು, ಅದೇ ವರ್ಷ ಫ್ರಿಸ್ಬೀ ಎಂಬ ಹೆಸರನ್ನೂ ಕೊಟ್ಟಿತು. ಮುಂದಿನ ವರ್ಷಗಳಲ್ಲಿ ಅಮೆರಿಕದ ಹಲವು ಊರುಗಳ ಯುವಕರು, ಒಬ್ಬರಿಗೊಬ್ಬರ ಪರಿಚಯವಿಲ್ಲದೆಯೇ, ಮರದ ಬುಡ, ದೀಪದ ಕಂಬ, ಕಸದ ತೊಟ್ಟಿಗಳಿಗೆ ಗುರಿಯಿಟ್ಟು ಫ್ರಿಸ್ಬೀಯಿಂದಲೇ ಗಾಲ್ಫ್ ಆಡತೊಡಗಿದರು. ಇದಕ್ಕೊಂದು ವ್ಯವಸ್ಥೆ ತಂದವರು ವ್ಯಾಮ್-ಓ ಕಂಪನಿಯಲ್ಲೇ ಕೆಲಸ ಮಾಡುತ್ತಿದ್ದ ಎಡ್ ಹೆಡ್ರಿಕ್. 1975ರಲ್ಲಿ ಲಾಸ್ ಏಂಜಲೀಸ್ ಸಮೀಪದ ಓಕ್ ಗ್ರೋವ್ ಉದ್ಯಾನದಲ್ಲಿ ಅವರು ಮೊದಲ ಶಾಶ್ವತ ಕೋರ್ಸನ್ನು ಸಿದ್ಧಪಡಿಸಿದರು. ಅಲ್ಲಿ ಗುರಿಯಾಗಿದ್ದದ್ದು ಬರಿಯ ಕಂಬಗಳು. ಡಿಸ್ಕ್ ಕಂಬಕ್ಕೆ ತಾಗಿತೋ ಇಲ್ಲವೋ ಎಂಬ ತಕರಾರು ದಿನವೂ ಏಳುತ್ತಿತ್ತು. ಹೆಡ್ರಿಕ್ ಮತ್ತು ಅವರ ಮಗ ಸೇರಿ ಕಂಬದ ಮೇಲಿನಿಂದ ಸರಪಣಿಗಳನ್ನು ಇಳಿಬಿಟ್ಟು, ಕೆಳಗೆ ಬುಟ್ಟಿ ಜೋಡಿಸಿದರು. ಈ ಸಾಧನಕ್ಕೆ 1977ರಲ್ಲಿ ಪೇಟೆಂಟ್ ಸಿಕ್ಕಿತು. ಡಿಸ್ಕ್ ಸರಪಣಿಗೆ ಬಡಿದು, ವೇಗ ಕಳೆದುಕೊಂಡು, ಬುಟ್ಟಿಗೆ ಬೀಳುತ್ತದೆ. ಎಲ್ಲರ ಕಣ್ಣೆದುರಿನ ಆ ತೀರ್ಪಿನ ಮುಂದೆ ವಾದಕ್ಕೆ ಎಡೆಯಿಲ್ಲ. ಇಂದು ಜಗತ್ತಿನ ಬಹುತೇಕ ಕೋರ್ಸ್‌ಗಳಲ್ಲಿ ಕಾಣುವುದು ಇದೇ ಸರಪಣಿ ಬುಟ್ಟಿ. ಆಟದ ನಿಯಮಗಳನ್ನು ನೋಡಿಕೊಳ್ಳುವ ವೃತ್ತಿಪರ ಡಿಸ್ಕ್ ಗಾಲ್ಫ್ ಸಂಘ, ಅಂದರೆ ಪಿಡಿಜಿಎ, 1976ರಲ್ಲಿ ಹೆಡ್ರಿಕ್ ಅವರೇ ಹುಟ್ಟುಹಾಕಿದ ಸಂಸ್ಥೆ. ಅದರ ಮೊದಲನೆಯ ಸಂಖ್ಯೆಯ ಸದಸ್ಯರೂ ಅವರೇ. 2002ರಲ್ಲಿ ಅವರು ತೀರಿಕೊಂಡ ಮೇಲೆ, ಅವರ ಇಚ್ಛೆಯಂತೆ ಚಿತಾಭಸ್ಮವನ್ನು ಪ್ಲಾಸ್ಟಿಕ್ಕಿನಲ್ಲಿ ಬೆರೆಸಿ ಕೆಲವು ಡಿಸ್ಕ್‌ಗಳನ್ನು ಅಚ್ಚುಹಾಕಲಾಯಿತು.

ಇನ್ನೊಂದು ದೊಡ್ಡ ತಿರುವು 1983ರದು. ಅಲ್ಲಿಯವರೆಗೆ ಆಟಗಾರರು ಸಾಮಾನ್ಯ ಫ್ರಿಸ್ಬೀಯನ್ನೇ ಎಸೆಯುತ್ತಿದ್ದರು. ಡೇವ್ ಡೂನಿಪೇಸ್ ಎಂಬುವರು ಗುಂಡಗಿನ ಅಂಚಿನ ಬದಲು ಇಳಿಜಾರಾಗಿ ಚೂಪಾಗುವ ಅಂಚಿನ, ಚಿಕ್ಕ ಗಾತ್ರದ, ಗಟ್ಟಿ ಡಿಸ್ಕನ್ನು ರೂಪಿಸಿದರು. ಅವರು ಗೆಳೆಯರೊಡನೆ ಕಟ್ಟಿದ ಇನ್ನೋವಾ ಕಂಪನಿ ಅದನ್ನು ಈಗಲ್ ಎಂಬ ಹೆಸರಿನಲ್ಲಿ ಹೊರತಂದಿತು. ಗಾಳಿಯನ್ನು ಸೀಳಿಕೊಂಡು ಹೋಗುವ ಈ ಅಂಚಿನಿಂದ ಎಸೆತದ ದೂರ ಒಮ್ಮೆಲೇ ಹೆಚ್ಚಿತು. ಹೊಸಬರ ತೊಂದರೆಯೂ ಅಲ್ಲಿಂದಲೇ ಶುರುವಾಯಿತು ಎನ್ನಬಹುದು. ಹೆಚ್ಚು ದೂರ ಹೋಗುವ ಡಿಸ್ಕು ಹೆಚ್ಚು ವೇಗವನ್ನೂ ಕೇಳುತ್ತದೆ. ಆ ವೇಗ ಹೊಸಬರ ಕೈಯಲ್ಲಿ ಇನ್ನೂ ಇರುವುದಿಲ್ಲ.

ಒಂದು ಕೋರ್ಸಿನಲ್ಲಿ ಸಾಮಾನ್ಯವಾಗಿ 9 ಅಥವಾ 18 ಹೋಲ್‌ಗಳಿರುತ್ತವೆ. ಪ್ರತಿ ಹೋಲಿನ ಒಂದು ತುದಿಯಲ್ಲಿ ಟೀ, ಇನ್ನೊಂದು ತುದಿಯಲ್ಲಿ ಬುಟ್ಟಿ. ಟೀ ಎಂದರೆ ಕಾಂಕ್ರೀಟಿನ ಅಥವಾ ರಬ್ಬರ್ ಹಾಸಿನ ಉದ್ದನೆಯ ಕಟ್ಟೆ. ಮೊದಲ ಎಸೆತ ಅದರ ಮೇಲಿನಿಂದಲೇ ಆಗಬೇಕು. ಪಕ್ಕದ ಫಲಕದಲ್ಲಿ ಹೋಲಿನ ಸಂಖ್ಯೆ, ದೂರ, ಪಾರ್, ದಾರಿಯ ನಕ್ಷೆ ಇರುತ್ತವೆ. ಪಾರ್ ಎಂದರೆ ನುರಿತ ಆಟಗಾರರು ಆ ಹೋಲನ್ನು ಮುಗಿಸಲು ತೆಗೆದುಕೊಳ್ಳಬಹುದಾದ ಎಸೆತಗಳು, ಬಹುತೇಕ 3. ಪಾರ್‌ಗಿಂತ ಒಂದು ಕಡಿಮೆಯಾದರೆ ಬರ್ಡಿ, ಒಂದು ಹೆಚ್ಚಾದರೆ ಬೋಗಿ, ಟೀಯಿಂದ ಒಂದೇ ಎಸೆತಕ್ಕೆ ಬುಟ್ಟಿಗೆ ಬಿದ್ದರೆ ಏಸ್. ಹೊಸಬರಿಗೆ ಹೊಂದುವ ಹೋಲ್‌ಗಳು 50ರಿಂದ 80 ಮೀಟರ್ ಉದ್ದದವು. ಸ್ಪರ್ಧೆಯ ಕೋರ್ಸ್‌ಗಳಲ್ಲಿ 150 ಮೀಟರ್ ದಾಟಿದ ಹೋಲ್‌ಗಳು ಸಾಮಾನ್ಯ. ಆದ್ದರಿಂದ ಮೊದಲ ದಿನಗಳಿಗೆ ಕೋರ್ಸನ್ನು ಆರಿಸುವಾಗ ಖ್ಯಾತಿಯನ್ನು ನೋಡಬಾರದು, ಉದ್ದವನ್ನು ನೋಡಬೇಕು. ಕನ್ನಡಿಗರು ಗಣನೀಯ ಸಂಖ್ಯೆಯಲ್ಲಿ ನೆಲೆಸಿರುವ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ಸುತ್ತಮುತ್ತಲಿನಿಂದ ಸುಮಾರು ಒಂದು ಗಂಟೆಯ ದಾರಿಯಲ್ಲಿ, ಸಾಂಟಾ ಕ್ರೂಜ್ ಊರಿನ ಡೆಲವೀಗ ಉದ್ಯಾನದಲ್ಲಿ ಹೆಸರಾಂತ ಕೋರ್ಸೊಂದಿದೆ. ಕಣಿವೆ, ಮರ, ಇಳಿಜಾರುಗಳ ಆ ಕೋರ್ಸ್ ನೋಡಲು ಸೊಗಸು, ಆದರೆ ಮೊದಲ ಪಾಠಕ್ಕೆ ತಕ್ಕದ್ದಲ್ಲ. ಬಡಾವಣೆಯ ಉದ್ಯಾನದಲ್ಲಿ ಹುಲ್ಲುಬಯಲಿನ ಮೇಲೆ ಹಾಕಿದ 9 ಹೋಲ್‌ಗಳ ಚಿಕ್ಕ ಕೋರ್ಸ್ ಅದಕ್ಕಿಂತ ನೂರು ಪಾಲು ಮೇಲು. ಯೂಡಿಸ್ಕ್ ಎಂಬ ಮೊಬೈಲ್ ಆ್ಯಪ್‌ನಲ್ಲಿ ಹತ್ತಿರದ ಕೋರ್ಸ್‌ಗಳು, ಅವುಗಳ ಉದ್ದ ಮತ್ತು ಕಷ್ಟದ ಮಟ್ಟ ಸಿಗುತ್ತವೆ. ಅಂಕಗಳನ್ನು ಬರೆದಿಡಲೂ ಬಹುಮಂದಿ ಅದನ್ನೇ ಬಳಸುತ್ತಾರೆ.

ಇನ್ನು ಡಿಸ್ಕಿನ ವಿಚಾರ. ಅಂಗಡಿಗೆ ಹೋದವರಿಗೆ ಗೋಡೆಯ ತುಂಬ ನೂರಾರು ಬಣ್ಣದ, ನೂರಾರು ಹೆಸರಿನ ಡಿಸ್ಕ್‌ಗಳು ಎದುರಾಗುತ್ತವೆ. ಇವೆಲ್ಲವನ್ನೂ ನಾಲ್ಕು ಗುಂಪಿಗೆ ಇಳಿಸಬಹುದು. ಬುಟ್ಟಿಯ ಹತ್ತಿರದ ಎಸೆತಕ್ಕೆ ಪಟರ್, ಮಧ್ಯಮ ದೂರಕ್ಕೆ ಮಿಡ್‌ರೇಂಜ್, ಅದಕ್ಕೂ ಮುಂದೆ ಫೇರ್‌ವೇ ಡ್ರೈವರ್, ಕೊನೆಗೆ ಡಿಸ್ಟೆನ್ಸ್ ಡ್ರೈವರ್. ಪಟರ್‌ನ ಅಂಚು ದಪ್ಪ ಮತ್ತು ಗುಂಡಗೆ, ಡ್ರೈವರ್‌ನ ಅಂಚು ಅಗಲ ಮತ್ತು ಚೂಪು. ಪಿಡಿಜಿಎ ನಿಯಮದ ಪ್ರಕಾರ ಡಿಸ್ಕಿನ ವ್ಯಾಸ 21 ಸೆಂಟಿಮೀಟರಿಗಿಂತ ಕಡಿಮೆ ಇರಬಾರದು, ತೂಕ ವ್ಯಾಸದ ಪ್ರತಿ ಸೆಂಟಿಮೀಟರಿಗೆ 8.3 ಗ್ರಾಂ ಮೀರಬಾರದು. ಹೀಗಾಗಿ ಬಹುತೇಕ ಡಿಸ್ಕ್‌ಗಳು 150ರಿಂದ 180 ಗ್ರಾಂ ತೂಗುತ್ತವೆ. ಹಗುರ ಡಿಸ್ಕನ್ನು ವೇಗವಾಗಿ ಬೀಸುವುದು ಸುಲಭ. ಮಕ್ಕಳಿಗೂ ಮೊದಲ ಬಾರಿಗೆ ಎಸೆಯುವವರಿಗೂ ಅದೇ ಸರಿ. ಗಾಳಿ ಬೀಸುವಾಗ ಮಾತ್ರ ಭಾರದ ಡಿಸ್ಕು ನೆಟ್ಟಗೆ ನಿಲ್ಲುತ್ತದೆ.

ಬಹುತೇಕ ಡಿಸ್ಕ್‌ಗಳ ಮೇಲೆ ನಾಲ್ಕು ಅಂಕಿಗಳಿರುತ್ತವೆ. ಮೊದಲನೆಯದು ಸ್ಪೀಡ್. ಡಿಸ್ಕ್ ತನ್ನ ಗುಣದಂತೆ ಹಾರಲು ಎಷ್ಟು ವೇಗದಲ್ಲಿ ಕೈಬಿಡಬೇಕೆಂಬುದನ್ನು ಅದು ಹೇಳುತ್ತದೆ. ಎಷ್ಟು ದೂರ ಹೋಗುತ್ತದೆ ಎಂದು ಅದನ್ನು ಓದುವುದು ಹೊಸಬರ ಸಾಮಾನ್ಯ ತಪ್ಪು. ಎರಡನೆಯದು ಗ್ಲೈಡ್, ಗಾಳಿಯಲ್ಲಿ ತೇಲುವ ಗುಣ. ಮೂರನೆಯದು ಟರ್ನ್, ವೇಗ ಹೆಚ್ಚಿರುವ ಮೊದಲ ಹಂತದಲ್ಲಿ ಬಲಕ್ಕೆ ವಾಲುವ ಗುಣ. ಅಂಕಿಯ ಹಿಂದೆ ಕಳೆಯುವ ಚಿಹ್ನೆ ಇದ್ದು ಅಂಕಿ ದೊಡ್ಡದಾದಷ್ಟೂ ವಾಲುವುದು ಹೆಚ್ಚು. ನಾಲ್ಕನೆಯದು ಫೇಡ್, ವೇಗ ಕುಂದಿದಾಗ ಎಡಕ್ಕೆ ಬೀಳುವ ಗುಣ. ಎಡ ಬಲದ ಈ ಮಾತು ಬಲಗೈಯಿಂದ ಬ್ಯಾಕ್‌ಹ್ಯಾಂಡ್, ಅಂದರೆ ತೋಳನ್ನು ಎದೆಯ ಅಡ್ಡಕ್ಕೆ ಹಿಂದೆ ಚಾಚಿ ಬೀಸುವ ಎಸೆತ, ಎಸೆಯುವವರಿಗೆ. ಎಡಗೈಯವರು ಎಲ್ಲವನ್ನೂ ತಿರುಗಿಸಿ ಓದಿಕೊಳ್ಳಬೇಕು. ಏವಿಯಾರ್ ಎಂಬ ಹಳೆಯ ಪಟರ್‌ನ ಅಂಕಿಗಳು 2, 3, 0, 1. ಬಜ್ ಎಂಬ ಜನಪ್ರಿಯ ಮಿಡ್‌ರೇಂಜಿನವು 5, 4, -1, 1. ಲೆಪರ್ಡ್ ಎಂಬ ಫೇರ್‌ವೇ ಡ್ರೈವರಿನವು 6, 5, -2, 1. ಡಿಸ್ಟ್ರಾಯರ್ ಎಂಬ ಡಿಸ್ಟೆನ್ಸ್ ಡ್ರೈವರಿನವು 12, 5, -1, 3.

ಈ ಅಂಕಿಗಳ ಹಿಂದಿರುವ ಕಾರಣವನ್ನು ತಿಳಿದರೆ ಮುಂದಿನ ಪಾಠವೆಲ್ಲ ಸುಲಭ. ಹಾರುವ ಡಿಸ್ಕನ್ನು ಎರಡು ಸಂಗತಿಗಳು ಕಾಪಾಡುತ್ತವೆ. ಒಂದು, ಅದರ ಆಕಾರಕ್ಕೆ ಗಾಳಿ ಕೊಡುವ ಮೇಲೊತ್ತಡ. ಇನ್ನೊಂದು, ಅದರ ತಿರುಗುವಿಕೆ. ಜೋರಾಗಿ ತಿರುಗುವ ಬುಗುರಿ ಹೇಗೆ ನೆಟ್ಟಗೆ ನಿಂತು, ಸುತ್ತು ನಿಧಾನವಾದಾಗ ತೂಗಾಡುತ್ತದೆಯೋ ಹಾಗೆಯೇ ಡಿಸ್ಕ್ ಕೂಡ ತಿರುಗುವಷ್ಟು ಕಾಲ ತನ್ನ ಸಮತಲವನ್ನು ಉಳಿಸಿಕೊಳ್ಳುತ್ತದೆ. ಗಾಳಿಯ ಮೇಲೊತ್ತಡ ಸರಿಯಾಗಿ ಡಿಸ್ಕಿನ ಮಧ್ಯಕ್ಕೇ ಬೀಳುವುದಿಲ್ಲ. ವೇಗ ಹೆಚ್ಚಿದ್ದಾಗ ಅದು ಮಧ್ಯಕ್ಕಿಂತ ಹಿಂದೆ ಸರಿದು ಮುಂದಿನ ಅಂಚನ್ನು ತಗ್ಗಿಸಲು ನೋಡುತ್ತದೆ; ವೇಗ ಕುಂದಿದಾಗ ಮುಂದೆ ಸರಿದು ಆ ಅಂಚನ್ನು ಎತ್ತಲು ನೋಡುತ್ತದೆ. ತಿರುಗುತ್ತಿರುವ ವಸ್ತುವನ್ನು ಹೀಗೆ ಒತ್ತಿದರೆ ಅದು ಒತ್ತಿದ ದಿಕ್ಕಿಗೆ ಬಾಗದೆ ಪಕ್ಕಕ್ಕೆ ಬಾಗುತ್ತದೆ. ಬಲಗೈ ಬ್ಯಾಕ್‌ಹ್ಯಾಂಡ್‌ನಿಂದ ಬಿಟ್ಟ ಡಿಸ್ಕ್ ಮೇಲಿನಿಂದ ನೋಡಿದಾಗ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಸುತ್ತುವುದರಿಂದ, ಮೊದಲು ಬಲಕ್ಕೆ ವಾಲುವುದು, ಕೊನೆಗೆ ಎಡಕ್ಕೆ ಬೀಳುವುದು. ಪಳಗಿದ ಕೈಯ ಎಸೆತ ಇಂಗ್ಲಿಷಿನ ಎಸ್ ಅಕ್ಷರದಂತೆ ಬಳುಕಿ ಹೋಗುವುದಕ್ಕೆ ಇದೇ ಕಾರಣ.

ಹೊಸಬರು 12ರ ಸ್ಪೀಡಿನ ಡಿಸ್ಕನ್ನು ಎಸೆದಾಗ ಆಗುವುದೇನೆಂಬುದು ಈಗ ಸ್ಪಷ್ಟ. ಬೇಕಾದ ವೇಗ ಸಿಗದ ಕಾರಣ ಮೊದಲ ಹಂತ ಬರುವುದೇ ಇಲ್ಲ. ಕೈಬಿಟ್ಟ ಕೂಡಲೆ ಡಿಸ್ಕ್ ಕೊನೆಯ ಹಂತಕ್ಕೆ ಬಂದು, ಎಡಕ್ಕೆ ತಿರುಗಿ, ಪೊದೆಗೆ ಬೀಳುತ್ತದೆ. ಎಸೆದವರು ಇನ್ನಷ್ಟು ಬಲ ಹಾಕುತ್ತಾರೆ, ಇಲ್ಲವೇ ಡಿಸ್ಕಿನ ಹೊರ ಅಂಚನ್ನು ಎತ್ತಿ ಬಲಕ್ಕೆ ಎಸೆಯುವ ಅಡ್ಡದಾರಿ ಹಿಡಿಯುತ್ತಾರೆ. ಒಮ್ಮೆ ಕೂತ ಈ ಅಭ್ಯಾಸವನ್ನು ಬಿಡಿಸುವುದು ಹೊಸದಾಗಿ ಕಲಿಸುವುದಕ್ಕಿಂತ ಕಷ್ಟ. ಪಟರ್ ಅಥವಾ ಮಿಡ್‌ರೇಂಜ್ ಕಡಿಮೆ ವೇಗಕ್ಕೂ ಒಪ್ಪಿಕೊಂಡು ನೇರವಾಗಿ ಹಾರುತ್ತದೆ. ಕೈ ತಪ್ಪಿದಾಗ ಆ ತಪ್ಪನ್ನು ಮುಚ್ಚಿಡದೆ ತೋರಿಸುತ್ತದೆ. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಗುರು ಇಲ್ಲ. ದೂರದ ಮಟ್ಟಿಗೂ ಹೊಸಬರ ಕೈಯಲ್ಲಿ ಮಿಡ್‌ರೇಂಜ್ ಅನೇಕ ವೇಳೆ ಡ್ರೈವರನ್ನು ಮೀರಿಸುತ್ತದೆ.

ಪಟರ್ ಎಂದರೆ ಮಕ್ಕಳ ಡಿಸ್ಕ್ ಎಂದು ಕಡೆಗಣಿಸುವವರಿಗೆ 2021ರ ವಿಶ್ವ ಚಾಂಪಿಯನ್‌ಶಿಪ್ಪಿನ ಕೊನೆಯ ಹೋಲನ್ನು ತೋರಿಸಬೇಕು. ಯೂಟಾ ರಾಜ್ಯದ ಆಗ್ಡನ್‌ನಲ್ಲಿ ನಡೆದ ಆ ಸ್ಪರ್ಧೆಯಲ್ಲಿ ಜೇಮ್ಸ್ ಕಾನ್ರಾಡ್, ಹಲವು ಬಾರಿಯ ಚಾಂಪಿಯನ್ ಪಾಲ್ ಮೆಕ್‌ಬೆತ್ ಅವರಿಗಿಂತ ಒಂದು ಎಸೆತ ಹಿಂದಿದ್ದರು. ಬುಟ್ಟಿ ಸುಮಾರು 75 ಮೀಟರ್ ದೂರದಲ್ಲಿತ್ತು. ಅಲ್ಲಿಂದ ಕಾನ್ರಾಡ್ ಎಸೆದ ಡಿಸ್ಕ್ ನೇರವಾಗಿ ಸರಪಣಿಗೆ ಹೋಗಿ ಬಿತ್ತು. ಅಂಕ ಸಮವಾಗಿ, ಮುಂದಿನ ನಿರ್ಣಾಯಕ ಹೋಲಿನಲ್ಲಿ ಅವರೇ ಗೆದ್ದರು. ಅವರು ಎಸೆದದ್ದು ಎನ್ವಿ ಎಂಬ ಪಟರ್.

ಆದ್ದರಿಂದ ಮೊದಲ ಖರೀದಿಗೆ ಒಂದು ಪಟರ್, ಒಂದು ಮಿಡ್‌ರೇಂಜ್ ಸಾಕು. ತೀರ ಬೇಕೆನಿಸಿದರೆ 6 ಅಥವಾ 7ರ ಸ್ಪೀಡಿನ ಒಂದು ಫೇರ್‌ವೇ ಡ್ರೈವರ್. ಇನ್ನೋವಾದಂಥ ಕಂಪನಿಗಳು ಈ ಮೂರನ್ನೂ ಕೂಡಿಸಿ ಹೊಸಬರ ಸೆಟ್ ಎಂದು ಮಾರುತ್ತವೆ. ಬಿಡಿಯಾಗಿ ಕೊಂಡರೆ ಅಮೆರಿಕದಲ್ಲಿ ಒಂದು ಡಿಸ್ಕಿಗೆ 10ರಿಂದ 20 ಡಾಲರ್. ಒಂದೇ ಅಚ್ಚಿನ ಡಿಸ್ಕು ಅಗ್ಗದ ಪ್ಲಾಸ್ಟಿಕ್ಕಿನಲ್ಲೂ ದುಬಾರಿ ಪ್ಲಾಸ್ಟಿಕ್ಕಿನಲ್ಲೂ ಸಿಗುತ್ತದೆ. ದುಬಾರಿಯದು ಮರಕ್ಕೆ ಬಡಿದರೂ ಬೇಗ ಸವೆಯುವುದಿಲ್ಲ. ಅಗ್ಗದ್ದು ಬೇಗ ಸವೆಯುತ್ತದೆ, ಆದರೆ ಕೈಹಿಡಿತ ಚೆನ್ನಾಗಿರುತ್ತದೆ, ಕಳೆದುಹೋದರೂ ನೋವು ಕಡಿಮೆ. ಪಟರ್ ಮಟ್ಟಿಗೆ ಅಗ್ಗದ ಪ್ಲಾಸ್ಟಿಕ್ಕೇ ವಾಸಿ. ಬಣ್ಣದ ಆಯ್ಕೆಯೂ ಅಲಂಕಾರದ ಮಾತಲ್ಲ. ಹಸಿರು, ಕಂದು ಬಣ್ಣದ ಡಿಸ್ಕ್ ಹುಲ್ಲಿನಲ್ಲಿ, ತರಗೆಲೆಯಲ್ಲಿ ಕಾಣುವುದೇ ಇಲ್ಲ. ಗುಲಾಬಿ, ಕಿತ್ತಳೆ, ಹಳದಿ ದೂರದಿಂದಲೇ ಕಣ್ಣಿಗೆ ಬೀಳುತ್ತವೆ. ಡಿಸ್ಕಿನ ಹಿಂಬದಿಯಲ್ಲಿ ಅಳಿಸದ ಶಾಯಿಯಿಂದ ಹೆಸರು ಮತ್ತು ಫೋನ್ ಸಂಖ್ಯೆ ಬರೆದಿಡುವುದು ಎಲ್ಲೆಡೆಯ ವಾಡಿಕೆ. ಸಿಕ್ಕಿದ ಡಿಸ್ಕನ್ನು ಕರೆ ಮಾಡಿ ಹಿಂದಿರುಗಿಸುವುದು ಈ ಆಟಗಾರರ ನಡುವಿನ ಒಂದು ಒಳ್ಳೆಯ ರೂಢಿ.

ಎಸೆತಗಳಲ್ಲಿ ಮೊದಲು ಕಲಿಯಬೇಕಾದದ್ದು ಬ್ಯಾಕ್‌ಹ್ಯಾಂಡ್. ಬಲಗೈಯವರು ಬಲ ಭುಜವನ್ನು ಗುರಿಯ ಕಡೆಗೆ ಮಾಡಿ, ಕಾಲುಗಳನ್ನು ಭುಜದಗಲಕ್ಕೆ ಇಟ್ಟು, ಮಂಡಿಯನ್ನು ತುಸು ಸಡಿಲಬಿಟ್ಟು ನಿಲ್ಲಬೇಕು. ಹೆಬ್ಬೆರಳು ಡಿಸ್ಕಿನ ಮೇಲೆ, ಉಳಿದ ನಾಲ್ಕು ಬೆರಳುಗಳು ಅಂಚಿನ ಒಳಬದಿಗೆ ಒತ್ತಿಕೊಂಡಿರಬೇಕು. ತೋಳನ್ನು ಹಿಂದಕ್ಕೆ ಚಾಚಿದಾಗ ದೇಹದ ಭಾರ ಹಿಂದಿನ ಕಾಲಿನ ಮೇಲೆ. ಅಲ್ಲಿಂದ ಭಾರ ಮುಂದಿನ ಕಾಲಿಗೆ ಬರುತ್ತದೆ, ಸೊಂಟ ತಿರುಗುತ್ತದೆ, ಅದರ ಹಿಂದೆ ಭುಜ, ಮೊಣಕೈ, ಕಡೆಗೆ ಮಣಿಕಟ್ಟು. ಡಿಸ್ಕ್ ಎದೆಗೆ ಹತ್ತಿರವಾಗಿ ಒಂದೇ ನೇರ ಗೆರೆಯಲ್ಲಿ ಸಾಗಬೇಕು. ಹೊಟ್ಟೆಯನ್ನು ಬಳಸಿ ಸುತ್ತು ಹೊಡೆದು ಬಂದರೆ ಯಾವ ಕ್ಷಣದಲ್ಲಿ ಕೈಬಿಟ್ಟರೂ ದಿಕ್ಕು ತಪ್ಪುತ್ತದೆ. ಬೇಗ ಬಿಟ್ಟರೆ ಎಡಕ್ಕೆ, ತಡವಾಗಿ ಬಿಟ್ಟರೆ ಬಲಕ್ಕೆ. ಎಸೆದ ಮೇಲೆ ತೋಳನ್ನು ತಟ್ಟನೆ ತಡೆಯದೆ, ದೇಹದೊಡನೆ ಪೂರ್ತಿ ತಿರುಗಲು ಬಿಡಬೇಕು. ಇಲ್ಲದಿದ್ದರೆ ಭುಜ ಮತ್ತು ಮೊಣಕೈಗೆ ಪೆಟ್ಟು.

ಹೊಸಬರ ಎಸೆತಗಳನ್ನು ಅತಿ ಹೆಚ್ಚು ಕೆಡಿಸುವುದು ಡಿಸ್ಕಿನ ಮುಂದಿನ ಅಂಚು ಮೇಲೆದ್ದಿರುವುದು. ಹಾಗೆ ಹೊರಟ ಡಿಸ್ಕ್ ಏಣಿ ಹತ್ತಿದಂತೆ ಮೇಲೇರಿ, ಗಾಳಿಯಲ್ಲಿ ನಿಂತು, ಎಡಕ್ಕೆ ಜಾರಿ ಬೀಳುತ್ತದೆ. ಎಷ್ಟು ಬಲ ಹಾಕಿದರೂ ದೂರ ಸಿಗುವುದಿಲ್ಲ. ಬಹುಮಂದಿ ಇದನ್ನು ತೋಳಿನ ದೌರ್ಬಲ್ಯವೆಂದು ಭಾವಿಸಿ ವರ್ಷಗಟ್ಟಲೆ ಒದ್ದಾಡುತ್ತಾರೆ. ಪರಿಹಾರ ಚಿಕ್ಕದು. ಮಣಿಕಟ್ಟನ್ನು ತುಸು ಕೆಳಕ್ಕೆ ಬಾಗಿಸಿ ಹಿಡಿಯಬೇಕು, ಬಿಡುವಾಗ ಹಿಂದಕ್ಕೆ ವಾಲದೆ ಭಾರವನ್ನು ಮುಂದಿನ ಕಾಲಿನ ಮೇಲೆ ಇಡಬೇಕು, ಆಕಾಶಕ್ಕೆ ಗುರಿಯಿಡದೆ ಎದೆಯೆತ್ತರದಲ್ಲಿ ಎಸೆಯಬೇಕು. ಇಷ್ಟು ಸರಿಹೋದ ದಿನ ಅದೇ ಬಲಕ್ಕೆ ಹತ್ತಾರು ಮೀಟರ್ ಹೆಚ್ಚು ದೂರ ಸಿಗುತ್ತದೆ. ಎರಡನೆಯ ಕೊರತೆ ಸುತ್ತು ಸಾಲದಿರುವುದು. ಇದರ ಗುಟ್ಟು ಹಿಡಿತದಲ್ಲಿದೆ. ತೋಳು ಸಡಿಲವಾಗಿದ್ದು, ಬೆರಳುಗಳು ಕೊನೆಯ ಗಳಿಗೆಯಲ್ಲಿ ಬಿಗಿಯಾಗಿ, ಡಿಸ್ಕ್ ತಾನೇ ಕೈಯಿಂದ ಕಿತ್ತುಕೊಂಡು ಹೋಗಬೇಕು. ನಿಧಾನವಾಗಿ ಶುರುವಾಗಿ ಕೊನೆಯಲ್ಲಿ ಚುರುಕಾಗುವ ಎಸೆತಕ್ಕೆ ಸುತ್ತು ಬರುತ್ತದೆ. ಮೊದಲಿನಿಂದಲೇ ರಭಸದಿಂದ ಎಳೆದ ಎಸೆತಕ್ಕೆ ಬರುವುದಿಲ್ಲ.

ಟೀ ಮೇಲೆ ನುರಿತವರು ಓಡುತ್ತ ಬಂದು, ಕಾಲಿನ ಹಿಂದೆ ಕಾಲು ಹಾಕಿ ಎಸೆಯುವುದನ್ನು ಕಂಡವರಿಗೆ ಹಾಗೆಯೇ ಮಾಡುವ ಆಸೆ ಹುಟ್ಟುತ್ತದೆ. ಎಕ್ಸ್-ಸ್ಟೆಪ್ ಎಂಬ ಈ ನಡೆ ವೇಗವನ್ನು ಸ್ವಲ್ಪ ಹೆಚ್ಚಿಸುತ್ತದೆ, ನಿಜ. ನಿಂತಲ್ಲಿಂದ ನೇರವಾಗಿ ಎಸೆಯಲು ಬಾರದವರಿಗೆ ಅದು ತಪ್ಪನ್ನಷ್ಟೇ ದೊಡ್ಡದು ಮಾಡುತ್ತದೆ. ಮೊದಲ ಕೆಲವು ವಾರ ನಿಂತೇ ಎಸೆಯುವುದು ಒಳಿತು. ಪಟರ್ 50 ಮೀಟರ್ ದೂರಕ್ಕೆ, ಹತ್ತರಲ್ಲಿ ಏಳೆಂಟು ಬಾರಿ, ತೂಗಾಡದೆ ನೇರವಾಗಿ ಹೋಗತೊಡಗಿದ ಮೇಲೆ ಹೆಜ್ಜೆ ಸೇರಿಸಬಹುದು.

ನೇರ ಎಸೆತ ಕೈಗೆ ಬಂದಮೇಲೆ ಓರೆ ಎಸೆತಗಳು. ಡಿಸ್ಕಿನ ಹೊರ ಅಂಚನ್ನು ತಗ್ಗಿಸಿ ಬಿಟ್ಟರೆ ಅದು ಎಡಕ್ಕೆ ಬಳಸಿ ಹೋಗುತ್ತದೆ; ಇದು ಹೈಜರ್. ಹೊರ ಅಂಚನ್ನು ಎತ್ತಿ ಬಿಟ್ಟರೆ ಬಲಕ್ಕೆ ಬಳಸುತ್ತದೆ, ಇದು ಆನ್‌ಹೈಜರ್. ಅಡ್ಡ ನಿಂತ ಮರವನ್ನು ಸುತ್ತಿ ಹೋಗಲು ಇವೆರಡು ಬೇಕು. ಹೈಜರ್ ಹೆಚ್ಚು ನಂಬಿಕೆಯದು, ಎಲ್ಲಿ ಬೀಳುತ್ತದೆಂದು ಮೊದಲೇ ಹೇಳಬಹುದು. ಬ್ಯಾಕ್‌ಹ್ಯಾಂಡ್ ಅಲ್ಲದ ಇನ್ನೊಂದು ಎಸೆತ ಫೋರ್‌ಹ್ಯಾಂಡ್. ಅದರಲ್ಲಿ ತೋರುಬೆರಳು, ನಡುಬೆರಳುಗಳನ್ನು ಅಂಚಿನ ಒಳಗೆ ಒತ್ತಿ, ಅಂಗೈ ಮೇಲ್ಮುಖವಾಗಿ, ಪಕ್ಕದಿಂದ ಚಿಮ್ಮುತ್ತಾರೆ. ಡಿಸ್ಕ್ ತಿರುಗುವ ದಿಕ್ಕು ಬದಲಾಗುವುದರಿಂದ ಕೊನೆಗೆ ಬಲಕ್ಕೆ ಬೀಳುತ್ತದೆ. ಬೆಂಗಳೂರಿನ ಮೈದಾನಗಳಲ್ಲಿ ಅಲ್ಟಿಮೇಟ್ ಫ್ರಿಸ್ಬೀ, ಅಂದರೆ ಡಿಸ್ಕನ್ನು ಒಬ್ಬರಿಗೊಬ್ಬರು ಎಸೆದು ಹಿಡಿಯುವ ತಂಡದ ಆಟ, ಆಡುವವರಿಗೆ ಬ್ಯಾಕ್‌ಹ್ಯಾಂಡ್, ಫೋರ್‌ಹ್ಯಾಂಡ್ ಎರಡರ ಪರಿಚಯವೂ ಈಗಾಗಲೇ ಇದೆ. ಅವರು ಹೊಂದಿಕೊಳ್ಳಬೇಕಾದದ್ದು ಅಂಚಿಗೆ. ಅಲ್ಟಿಮೇಟಿನ 27 ಸೆಂಟಿಮೀಟರ್ ಅಗಲದ, 175 ಗ್ರಾಂ ತೂಕದ ಡಿಸ್ಕ್ ಹಿಡಿಯುವವರಿಗೆ ಸಿಗಲೆಂದು ತೇಲುತ್ತದೆ. ಗಾಲ್ಫ್ ಡಿಸ್ಕ್ ಹಾಗಲ್ಲ, ಚಿಕ್ಕದು, ಗಟ್ಟಿ, ವೇಗದ್ದು. ಅದನ್ನು ಕೈಯಲ್ಲಿ ಹಿಡಿಯಲು ಹೋಗಬಾರದು. ಸರಪಣಿ ಬುಟ್ಟಿ ಸಿಗದ ಊರಿನಲ್ಲೂ ಖಾಲಿ ಮೈದಾನ ಮತ್ತು ಒಂದು ಕಂಬ ಇದ್ದರೆ ಅಭ್ಯಾಸ ನಿಲ್ಲುವುದಿಲ್ಲ. ಓಕ್ ಗ್ರೋವ್‌ನಲ್ಲಿ ಆಟ ಶುರುವಾದದ್ದು ಕಂಬಗಳಿಂದಲೇ.

ಎಲ್ಲಕ್ಕಿಂತ ಹೆಚ್ಚು ಅಂಕ ಉಳಿಸುವುದು ಬುಟ್ಟಿಯ ಹತ್ತಿರದ ಎಸೆತ, ಪಟ್. ಟೀಯಿಂದ 70 ಮೀಟರ್ ಎಸೆದದ್ದೂ ಒಂದು ಎಸೆತ, ಮೂರು ಮೀಟರಿನಿಂದ ತಪ್ಪಿದ್ದೂ ಒಂದು ಎಸೆತ. ಆದರೂ ಹೊಸಬರು ತಮ್ಮ ಸಮಯವನ್ನೆಲ್ಲ ಮೊದಲನೆಯದಕ್ಕೇ ಸುರಿಯುತ್ತಾರೆ. ಪಟ್ ಮಾಡುವಾಗ ಒಂದು ಕಾಲು ಮುಂದೆ, ಒಂದು ಹಿಂದೆ. ಭಾರ ಮುಂದಿನ ಕಾಲಿನ ಮೇಲೆ. ಬೆರಳುಗಳನ್ನು ಡಿಸ್ಕಿನ ಅಡಿಯಲ್ಲಿ ಹರಡಿ ಹಿಡಿದು, ತೋಳನ್ನು ನೇರವಾಗಿ ಗುರಿಯತ್ತ ಚಾಚಿ ಬಿಡಬೇಕು. ಬುಟ್ಟಿಯನ್ನು ಒಟ್ಟಾಗಿ ನೋಡದೆ ಸರಪಣಿಯ ಒಂದೇ ಒಂದು ಕೊಂಡಿಯ ಮೇಲೆ ಕಣ್ಣು ನೆಡುವುದು ನುರಿತವರ ಕ್ರಮ. ಎದುರುಗಾಳಿ ಡಿಸ್ಕನ್ನು ಎತ್ತುತ್ತದೆ, ಹಿಂಗಾಳಿ ಕೆಳಕ್ಕೆ ಒತ್ತುತ್ತದೆ. ಗುರಿಯನ್ನು ಅದಕ್ಕೆ ತಕ್ಕಂತೆ ಇಳಿಸಬೇಕು, ಏರಿಸಬೇಕು. ಬುಟ್ಟಿಯ ಹಿಂದೆ ಇಳಿಜಾರಿದ್ದರೆ ತಪ್ಪಿದ ಡಿಸ್ಕ್ ಅಂಚಿನ ಮೇಲೆ ಉರುಳುತ್ತ ದೂರ ಹೋಗಬಹುದು. ಅಂಥಲ್ಲಿ ಬುಟ್ಟಿಯ ಹತ್ತಿರ ಮೆತ್ತಗೆ ಬೀಳುವಂತೆ ಎಸೆದು ಮುಂದಿನ ಎಸೆತಕ್ಕೆ ಮುಗಿಸುವುದು ವಿವೇಕ. ದಿನಕ್ಕೆ ಹದಿನೈದು ನಿಮಿಷ, ಮೂರು ಮೀಟರಿನಿಂದ ಮೊದಲಿಟ್ಟು, ಹತ್ತರಲ್ಲಿ ಒಂಬತ್ತು ಬೀಳತೊಡಗಿದಾಗ ಒಂದು ಹೆಜ್ಜೆ ಹಿಂದಕ್ಕೆ ಸರಿಯುತ್ತ ಹೋದರೆ ಎರಡು ತಿಂಗಳಲ್ಲಿ ಅಂಕಪಟ್ಟಿಯೇ ಬದಲಾಗುತ್ತದೆ.

ನಿಯಮಗಳು ಹೆಚ್ಚಿಲ್ಲ. ಡಿಸ್ಕ್ ನಿಂತ ಜಾಗದಿಂದ ಮುಂದಿನ ಎಸೆತ. ಅಲ್ಲಿ ಚಿಕ್ಕ ಗುರುತು ಡಿಸ್ಕನ್ನು ಇಡಬಹುದು ಅಥವಾ ಬಿದ್ದ ಡಿಸ್ಕನ್ನೇ ಗುರುತಾಗಿ ಬಿಡಬಹುದು. ಎಸೆಯುವಾಗ ಒಂದು ಕಾಲಾದರೂ ಗುರುತಿನ ಹಿಂದಿನ 20 ಸೆಂಟಿಮೀಟರ್ ಅಗಲ, 30 ಸೆಂಟಿಮೀಟರ್ ಉದ್ದದ ಜಾಗದಲ್ಲಿರಬೇಕು. ಬುಟ್ಟಿಯಿಂದ 10 ಮೀಟರಿನ ಒಳಗೆ ಪಟ್ ಮಾಡಿದವರು ಮುಂದಕ್ಕೆ ಮುಗ್ಗರಿಸಬಾರದು. ಎಸೆದ ಮೇಲೆ ಸಮತೋಲದಿಂದ ನಿಂತು ತೋರಿಸಿ ಆಮೇಲೆ ಹೆಜ್ಜೆ ಇಡಬೇಕು. ಡಿಸ್ಕ್ ಆಟದ ಗಡಿ ದಾಟಿ ಬಿದ್ದರೆ ದಂಡವಾಗಿ ಒಂದು ಎಸೆತ ಸೇರುತ್ತದೆ. ಕಳೆದ ಡಿಸ್ಕನ್ನು ಹುಡುಕಲು ಮೂರು ನಿಮಿಷ, ಎಸೆಯಲು ಮೂವತ್ತು ಸೆಕೆಂಡು. ಬುಟ್ಟಿಯಿಂದ ಹೆಚ್ಚು ದೂರದಲ್ಲಿರುವವರು ಮೊದಲು ಎಸೆಯುತ್ತಾರೆ. ಮುಂದಿನ ಟೀಯಲ್ಲಿ ಹಿಂದಿನ ಹೋಲನ್ನು ಕಡಿಮೆ ಎಸೆತಗಳಲ್ಲಿ ಮುಗಿಸಿದವರದು ಮೊದಲ ಸರದಿ. ಡಿಸ್ಕ್ ಬುಟ್ಟಿಯ ಒಳಗೆ ಅಥವಾ ಸರಪಣಿಗೆ ಸಿಕ್ಕಿ ನಿಂತರೆ ಹೋಲ್ ಮುಗಿಯಿತು. ಬುಟ್ಟಿಯ ಮೇಲಿನ ಚಾವಣಿಯ ಮೇಲೆ ಕೂತರೆ ಲೆಕ್ಕಕ್ಕಿಲ್ಲ.

ನಿಯಮಕ್ಕಿಂತ ಮುಖ್ಯವಾದದ್ದು ಎಚ್ಚರ. ಉದ್ಯಾನ ಎಲ್ಲರದು. ಅಜ್ಜ ಅಜ್ಜಿಯರು ನಡೆದಾಡುತ್ತಾರೆ, ಮಕ್ಕಳು ಅಡ್ಡ ಓಡುತ್ತಾರೆ, ನಾಯಿ ಹಿಡಿದವರು ಬರುತ್ತಾರೆ. ಚೂಪು ಅಂಚಿನ ಡಿಸ್ಕ್ ತಲೆಗೆ ಬಡಿದರೆ ಗಾಯ ಚಿಕ್ಕದಾಗಿರುವುದಿಲ್ಲ. ಎಸೆತ ಮುಟ್ಟಬಹುದಾದ ದೂರದಲ್ಲಿ ಯಾರಾದರೂ ಇದ್ದರೆ ಕಾಯಬೇಕು. ಅವರಿಗೆ ಆಟದ ಅರಿವಿಲ್ಲದಿದ್ದರೂ ಕಾಯಬೇಕಾದದ್ದು ಎಸೆಯುವವರೇ. ಡಿಸ್ಕ್ ಯಾರ ಕಡೆಗಾದರೂ ತಿರುಗಿದರೆ ತಡಮಾಡದೆ ಫೋರ್ ಎಂದು ಗಟ್ಟಿಯಾಗಿ ಕೂಗಬೇಕು. ಎಸೆಯುವವರ ಮುಂದೆ ನಿಲ್ಲುವುದು, ಅವರು ಎಸೆಯುವಾಗ ಮಾತನಾಡುವುದು ಸಲ್ಲದು. ಹಿಂದಿನಿಂದ ಬೇಗ ಆಡುತ್ತ ಬರುವ ಗುಂಪಿಗೆ ದಾರಿ ಬಿಟ್ಟುಕೊಡುವುದು ವಾಡಿಕೆ. ಅಡ್ಡ ಬರುವ ಕೊಂಬೆಯನ್ನು ಮುರಿಯುವುದು ನಿಯಮಕ್ಕೂ ವಿರುದ್ಧ, ಮರಕ್ಕೂ ಅನ್ಯಾಯ. ಕ್ಯಾಲಿಫೋರ್ನಿಯಾದ ಕಾಡುಕೋರ್ಸ್‌ಗಳಲ್ಲಿ ಪಾಯ್ಸನ್ ಓಕ್ ಎಂಬ ಮೂರೆಲೆಯ ಗಿಡ ಬೆಳೆಯುತ್ತದೆ. ಅದರ ಎಣ್ಣೆ ತಾಗಿದರೆ ದಿನಗಟ್ಟಲೆ ಚರ್ಮ ತುರಿಸಿ ಗುಳ್ಳೆ ಏಳುತ್ತದೆ. ಅದರೊಳಗೆ ಬಿದ್ದ ಡಿಸ್ಕನ್ನು ಕೋಲಿನಿಂದ ಎಳೆದುಕೊಂಡು, ಒರೆಸಿ, ಆಮೇಲೆ ಮುಟ್ಟಬೇಕು. ಗಟ್ಟಿ ಹಿಡಿತದ ಬೂಟು, ಕುಡಿಯುವ ನೀರು, ಕೈ ಒರೆಸಲು ಒಂದು ಬಟ್ಟೆ, ಇಷ್ಟಿದ್ದರೆ ಆಟಕ್ಕೆ ಬೇಕಾದದ್ದೆಲ್ಲ ಸಿದ್ಧ.

ಒಬ್ಬರೇ ಆಡಿ ಕಲಿಯಬಹುದು, ಜೊತೆಯಲ್ಲಿ ಆಡಿದರೆ ಬೇಗ ಕಲಿಯಬಹುದು. ಅಮೆರಿಕದ ಹೆಚ್ಚಿನ ಊರುಗಳಲ್ಲಿ ಸ್ಥಳೀಯ ಕ್ಲಬ್ಬುಗಳು ವಾರಕ್ಕೊಮ್ಮೆ ಸಂಜೆಯ ಲೀಗ್ ನಡೆಸುತ್ತವೆ. ಅಲ್ಲಿ ಹಳಬರು ಮತ್ತು ಹೊಸಬರನ್ನು ಜೋಡಿ ಮಾಡಿ ಆಡಿಸುವುದುಂಟು. ಇಬ್ಬರೂ ಎಸೆದು, ಒಳ್ಳೆಯ ಕಡೆ ಬಿದ್ದ ಡಿಸ್ಕಿನಿಂದ ಇಬ್ಬರೂ ಮುಂದುವರಿಯುತ್ತಾರೆ. ಹೊಸಬರಿಗೆ ಇದರಷ್ಟು ಸಂಕೋಚ ಬಿಡಿಸುವ ಕ್ರಮ ಬೇರೊಂದಿಲ್ಲ. ಪಿಡಿಜಿಎ ಸ್ಪರ್ಧೆಗಳಲ್ಲಿ ಆಡಿದವರಿಗೆ ರೇಟಿಂಗ್ ಎಂಬ ಅಂಕಿ ಸಿಗುತ್ತದೆ. 1000ದ ರೇಟಿಂಗ್ ಉನ್ನತ ಮಟ್ಟದ ಆಟಗಾರರದು. 850ಕ್ಕಿಂತ ಕಡಿಮೆಯವರಿಗೆ ನೋವಿಸ್, 900ಕ್ಕಿಂತ ಕಡಿಮೆಯವರಿಗೆ ರಿಕ್ರಿಯೇಷನಲ್, 935ಕ್ಕಿಂತ ಕಡಿಮೆಯವರಿಗೆ ಇಂಟರ್‌ಮೀಡಿಯೆಟ್ ಎಂಬ ವಿಭಾಗಗಳಿವೆ. ಮಹಿಳೆಯರಿಗೆ, ಮಕ್ಕಳಿಗೆ, ವಯಸ್ಸಾದವರಿಗೆ ಪ್ರತ್ಯೇಕ ವಿಭಾಗಗಳುಂಟು. ರೇಟಿಂಗ್ ಇಲ್ಲದವರೂ ಕೆಳಗಿನ ವಿಭಾಗದಲ್ಲಿ ಹೆಸರು ಕೊಟ್ಟು ತಮ್ಮ ಮಟ್ಟದವರೊಡನೆಯೇ ಮೊದಲ ಸ್ಪರ್ಧೆ ಆಡಬಹುದು. ಡಿಸ್ಟೆನ್ಸ್ ಡ್ರೈವರ್ ಕೊಳ್ಳಲು ಸರಿಯಾದ ಕಾಲವೂ ಹೆಚ್ಚುಕಡಿಮೆ ಇದೇ: ಮಿಡ್‌ರೇಂಜ್ 75 ಮೀಟರನ್ನು, ಫೇರ್‌ವೇ ಡ್ರೈವರ್ 90 ಮೀಟರನ್ನು ನೇರವಾಗಿ ದಾಟತೊಡಗಿದಾಗ.